“ಹಡಗು ಹತ್ತೋಕೆ ಭಯ ಆಗಲಿಲ್ವಾ?”

ಕೊರೊನಾ ಕಾಲದ ಬಂದ್ ಮುಗಿದ ಮೇಲೆ ನಾನು ಕ್ರೂಸ್ ಹಡಗಿನಲ್ಲಿ ಹೋಗಿ ಬಂದೆ ಅಂತ ಗೊತ್ತಾದರೆ ಸಾಕು, ಎದುರಿಗಿದ್ದವರು ಕೇಳುವುದು ಒಂದೇ ಮಾತು: “ಭಯ ಆಗಲಿಲ್ವಾ?” ಮೊದಲೆಲ್ಲ ಅಲೆ ಜೋರಾಗಿತ್ತಾ, ವಾಂತಿ ಬಂತಾ ಅಂತ ಕೇಳುತ್ತಿದ್ದರು. ಈಗ ಅದನ್ನು ಯಾರೂ ಕೇಳುವುದಿಲ್ಲ. ಪ್ರತಿ ಸಲ ಒಂದೊಂದು ಥರ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಆಗಿತ್ತು. ಚೆನ್ನಾಗಿಯೇ ಆಗಿತ್ತು. ಆದರೂ ಹೋದೆ. ಧೈರ್ಯ ಗೀರ್ಯ ಏನಿಲ್ಲ, ದುಡ್ಡು ಸಿಕ್ಕಿಹಾಕಿಕೊಂಡಿತ್ತು. 2020ರ ಏಪ್ರಿಲ್‌ಗೆ ಟಿಕೆಟ್ ತೆಗೆದಿದ್ದೆ. ಮಾರ್ಚ್‌ನಲ್ಲಿ ಎಲ್ಲ ಹಡಗುಗಳೂ ನಿಂತವು. ಕಂಪನಿಯವರು ಎರಡು ದಾರಿ ಕೊಟ್ಟರು. ಕಟ್ಟಿದ್ದನ್ನು ವಾಪಸ್ ತೆಗೆದುಕೊಳ್ಳಿ, ಇಲ್ಲವೇ ಅದರ ಮೇಲೆ ಕಾಲು ಭಾಗ ಸೇರಿಸಿ ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಿ. ನಾನು ಆಸೆಬುರುಕತನದಿಂದ ಎರಡನೆಯದನ್ನು ಆರಿಸಿದೆ. ಅದಕ್ಕೊಂದು ಕೊನೆಯ ದಿನಾಂಕ ಇತ್ತು. ಅದು ಹತ್ತಿರ ಬಂದಾಗ ಫೋನ್ ಮಾಡಿ ಇನ್ನಷ್ಟು ಸಮಯ ಕೇಳಿದರೆ, ಮುಕ್ಕಾಲು ಗಂಟೆ ಹಾಡು ಕೇಳಿಸಿ ಆಗಲ್ಲ ಅಂದರು. 2021ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದಿಂದ ಹೊರಡುವ ಹಡಗೊಂದರಲ್ಲಿ ಏಳು ರಾತ್ರಿಗೆ ಹೆಸರು ಬರೆಸಿದೆ.

ಭಯಕ್ಕೆ ಕಾರಣವೂ ಇತ್ತು ಅನ್ನಿ. ಡೈಮಂಡ್ ಪ್ರಿನ್ಸೆಸ್ ಹೆಸರು ಎಲ್ಲರಿಗೂ ನೆನಪಿರುತ್ತದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಲ್ಲಿಸಿಕೊಂಡಿದ್ದ ಹಡಗು. ಅದರಲ್ಲಿದ್ದವರು 3,711 ಮಂದಿ. ಕೊನೆಗೆ ಸೋಂಕು ತಗಲಿದ್ದು 712 ಜನರಿಗೆ. ಪ್ರಯಾಣಿಕರನ್ನೆಲ್ಲ ಎರಡು ವಾರ ಕ್ಯಾಬಿನ್ ಒಳಗೆ ಕೂರಿಸಿದ್ದರು. ಕೆಲವರಿಗೆ ಕಿಟಕಿಯೂ ಇರಲಿಲ್ಲ. ಊಟ ತಂದುಕೊಡುತ್ತಿದ್ದ ಸಿಬ್ಬಂದಿ ಮಾತ್ರ ಕೆಳಗೆ ಒಟ್ಟಿಗೇ ಮಲಗಿ, ಒಟ್ಟಿಗೇ ಉಂಡು, ಮತ್ತೆ ಮೇಲೆ ಬಂದು ಬಾಗಿಲು ತಟ್ಟುತ್ತಿದ್ದರು. ಆ ಸುದ್ದಿ ನೋಡುವಾಗ ನನ್ನ ಟಿಕೆಟ್ ಇನ್ನೂ ಜೀವಂತವಾಗಿತ್ತು ಅನ್ನುವುದನ್ನು ನೆನಪಿಡಿ.

ನನಗೆ ಕ್ರೂಸ್ ಇಷ್ಟವಾಗುತ್ತಿದ್ದದ್ದೇ ಅದು ಮುಚ್ಚಿದ ಡಬ್ಬಿ ಅಂತ. ಒಂದು ಸಲ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು. ಊರುಗಳೇ ನಮ್ಮ ಹತ್ತಿರ ಬರುತ್ತವೆ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಎಲ್ಲೂ ಕಳೆದುಹೋಗುವಂತಿಲ್ಲ. ಈಗ ಯೋಚಿಸಿದರೆ ಹೆದರಿಸುತ್ತಿದ್ದದ್ದೂ ಅದೇ ಡಬ್ಬಿ.

ಮೊದಲ ದಿನದ ಟರ್ಮಿನಲ್ ಇವತ್ತಿಗೂ ಕಣ್ಣ ಮುಂದಿದೆ. ಎಲ್ಲರೂ ಲಸಿಕೆ ಚೀಟಿ ಹಿಡಿದು ಸಾಲು ನಿಂತಿದ್ದರು. ಮೂಗಿನೊಳಗೆ ಕಡ್ಡಿ ತಿರುಗಿಸಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಬೇಕು. ಇಪ್ಪತ್ತು ನಿಮಿಷ. ರಜೆಗೆ ಹೊರಟವರ ಗದ್ದಲ ಅಲ್ಲಿ ಇರಲೇ ಇಲ್ಲ, ಪರೀಕ್ಷೆ ಫಲಿತಾಂಶಕ್ಕೆ ಕಾಯುವ ಮಕ್ಕಳ ಥರ ಎಲ್ಲರೂ ಮೊಬೈಲ್ ನೋಡುತ್ತಾ ಕೂತಿದ್ದರು. ಒಬ್ಬರು ಕೆಮ್ಮಿದರು. ನೂರು ತಲೆಗಳು ತಿರುಗಿದವು. ಪಾಪ, ಅವರು ನೀರಿನ ಬಾಟಲಿ ಎತ್ತಿ ತೋರಿಸಿ, ನೀರು ನೆತ್ತಿಗೇರಿತು ಅಂತ ಸನ್ನೆ ಮಾಡಿದರು. ನನ್ನ ಸಂಖ್ಯೆ ಕರೆದಾಗ ಕೆಲಸಕ್ಕೆ ಆಯ್ಕೆಯಾದಷ್ಟು ಖುಷಿ ಆಯಿತು. ನಮಗಿಂತ ಮೊದಲು ಕರೆದ ಒಂದು ಜೋಡಿಯನ್ನು ಬೇರೆ ಬಾಗಿಲಿನ ಕಡೆ ಕರೆದುಕೊಂಡು ಹೋದರು. ಅವರ ಪೆಟ್ಟಿಗೆಗಳ ಮೇಲೆ ಹಡಗಿನ ಚೀಟಿ ಆಗಲೇ ಅಂಟಿಸಿತ್ತು.

ನಿಯಮಗಳ ಕಥೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರ ಮಾರ್ಚ್ 14ರಂದು ಕ್ರೂಸ್ ಹಡಗು ಹೊರಡಬಾರದು ಅಂತ ಆದೇಶ ಹೊರಡಿಸಿತು. ಅಲ್ಲಿಂದ ಮತ್ತೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹತ್ತಿಸಿಕೊಂಡು ದೊಡ್ಡ ಹಡಗೊಂದು ಹೊರಟದ್ದು 2021ರ ಜೂನ್ 26ಕ್ಕೆ, ಫೋರ್ಟ್ ಲಾಡರ್‌ಡೇಲ್‌ನಿಂದ, ಸೆಲೆಬ್ರಿಟಿ ಎಡ್ಜ್. ಅಂದರೆ ಹದಿನೈದು ತಿಂಗಳು. ಇಟಲಿಯಲ್ಲಿ ಇನ್ನೂ ಬೇಗ, 2020ರ ಆಗಸ್ಟ್‌ನಲ್ಲೇ ಎಂಎಸ್‌ಸಿ ಗ್ರಾಂಡಿಯೋಸಾ ಜಿನೋವಾದಿಂದ ಹೊರಟಿತ್ತು. ಸಿಂಗಪುರದಲ್ಲಿ ಎಲ್ಲೂ ನಿಲ್ಲದೆ ಸಮುದ್ರ ಸುತ್ತಿ ವಾಪಸ್ ಬರುವ ಪ್ರಯಾಣ ಶುರು ಮಾಡಿದರು. ಅದಕ್ಕೂ ಜನ ಮುಗಿಬಿದ್ದರು. ಮನೆಯಲ್ಲಿ ಕೂತು ಎಷ್ಟು ಬೇಜಾರಾಗಿತ್ತು ನೋಡಿ!

ಹಡಗಿನೊಳಗೆ ಕಾಲಿಟ್ಟಾಗ ಮೊದಲು ಅನಿಸಿದ್ದು ಖಾಲಿ ಅಂತ. ಅರ್ಧಕ್ಕಿಂತ ಕಡಿಮೆ ಜನ ಇದ್ದೆವು. ಲಿಫ್ಟ್‌ಗೆ ಕಾಯುವ ಹಾಗಿರಲಿಲ್ಲ. ಈಜುಕೊಳದ ಪಕ್ಕದ ಕುರ್ಚಿ ಹಿಡಿಯಲು ಬೆಳಿಗ್ಗೆ ಆರಕ್ಕೇ ಟವೆಲ್ ಹಾಸಿ ಹೋಗುವ ಮಹಾಶಯರು ಇರುತ್ತಾರಲ್ಲ, ಅವರಿಗೂ ಕೆಲಸ ಇರಲಿಲ್ಲ. ನಾಟಕಶಾಲೆಯಲ್ಲಿ ಎರಡು ಸೀಟಿಗೊಂದು ಪಟ್ಟಿ ಕಟ್ಟಿದ್ದರು. ಸಾವಿರ ಜನ ಕೂರುವಲ್ಲಿ ನೂರೈವತ್ತು ಜನ ಕೂತು ಚಪ್ಪಾಳೆ ತಟ್ಟಿದರೆ ಮಳೆ ನಿಂತ ಮೇಲೆ ಸೂರಿನಿಂದ ಹನಿ ಬಿದ್ದ ಹಾಗೆ ಕೇಳಿಸುತ್ತದೆ. ಹಾಡುತ್ತಿದ್ದವಳು ಕಣ್ಣೊರೆಸಿಕೊಂಡಳು. ಒಂದೂವರೆ ವರ್ಷದ ಮೇಲೆ ಜನರ ಮುಂದೆ ನಿಂತಿದ್ದಳಂತೆ.

ಇನ್ನು ಬಫೆ. ಮೊದಲು ಎಲ್ಲರೂ ಒಂದೇ ಸೌಟು ಹಿಡಿದು ತಾವೇ ಬಡಿಸಿಕೊಳ್ಳುತ್ತಿದ್ದರು. ಹಡಗಿನಲ್ಲಿ ವಾಂತಿ ಭೇದಿ ತರುವ ನೊರೊವೈರಸ್‌ಗೆ ಆ ಸೌಟು ಬಹಳ ಹಳೆಯ ಗೆಳೆಯ. ಈಗ ಗಾಜಿನ ಆಚೆ ಒಬ್ಬ ಹುಡುಗ ಕೈಗವಸು ಹಾಕಿಕೊಂಡು ನಿಂತಿದ್ದ. ನಾವು ಬೆರಳು ತೋರಿಸಬೇಕು, ಅವನು ಹಾಕಬೇಕು. ಮಾಸ್ಕ್ ಮೇಲಿನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಹಣ್ಣಿನ ಹೋಳು ಐದು ಹಾಕಿ ಹುಬ್ಬೇರಿಸುತ್ತಿದ್ದ, ಇನ್ನೂ ಬೇಕಾ ಅಂತ. ನಾಚಿಕೆಯಿಂದ ಸಾಕು ಅನ್ನುತ್ತಿದ್ದೆ. ಆ ವಾರ ನಾನು ತಿಂದದ್ದೂ ಕಡಿಮೆ, ತಟ್ಟೆಯಲ್ಲಿ ಬಿಟ್ಟದ್ದೂ ಕಡಿಮೆ.

ಸುರಕ್ಷತಾ ಕವಾಯತು ಬದಲಾದದ್ದು ಮಾತ್ರ ಅಪ್ಪಟ ಲಾಭ. ಮೊದಲು ಹೊರಡುವ ಮುನ್ನ ಸೈರನ್ ಏಳು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ ಕೂಗಿದರೆ ಸಾವಿರಾರು ಜನ ಒಟ್ಟಿಗೇ ಮೆಟ್ಟಿಲು ಇಳಿದು, ಹೆಗಲಿಗೆ ಹೆಗಲು ತಾಗಿಸಿ, ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಬೇಕಿತ್ತು. ಎಲ್ಲರಿಗೂ ಬೇಜಾರು. ಆದರೆ ಬಿಡುವ ಹಾಗಿಲ್ಲ. 2012ರ ಜನವರಿಯಲ್ಲಿ ಇಟಲಿಯ ಗಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಹೊಡೆದು 32 ಜನ ಸತ್ತಾಗ, ಅದೇ ದಿನ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ಕವಾಯತೇ ಆಗಿರಲಿಲ್ಲ. ಈಗ ಫೋನಿನಲ್ಲೋ ಕ್ಯಾಬಿನ್ ಟಿವಿಯಲ್ಲೋ ವಿಡಿಯೋ ನೋಡಿ, ಅಪಾಯ ಬಂದರೆ ನಾವು ಸೇರಬೇಕಾದ ಜಾಗಕ್ಕೆ ಒಬ್ಬೊಬ್ಬರೇ ಹೋಗಿ ಕಾರ್ಡ್ ತೋರಿಸಿ ಬಂದರಾಯಿತು. ಜಾಗ ಎಲ್ಲಿದೆ ಅಂತ ನನಗೆ ನಿಜವಾಗಿ ನೆನಪಿದ್ದದ್ದು ಆ ಸಲವೇ. ಗುಂಪಿನ ಹಿಂದೆ ಕುರಿ ಥರ ಹೋಗದೆ ನಾನೇ ಹುಡುಕಿಕೊಂಡು ಹೋಗಿದ್ದೆನಲ್ಲ.

ಊರುಗಳ ವಿಷಯದಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. ಕೇಮನ್ ದ್ವೀಪದವರು ಆಗ ಕ್ರೂಸ್ ಹಡಗುಗಳಿಗೆ ಬಾಗಿಲೇ ತೆರೆದಿರಲಿಲ್ಲ, 2022ರ ಮಾರ್ಚ್‌ವರೆಗೆ ತೆರೆಯಲೂ ಇಲ್ಲ. ಹಾಗಾಗಿ ಒಂದು ದಿನ ಸುಮ್ನೆ ಸಮುದ್ರದಲ್ಲೇ ಸುತ್ತಿದೆವು. ನಮ್ಮನ್ನು ಇಳಿಸಿಕೊಳ್ಳದಿದ್ದಕ್ಕೆ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

ಮತ್ತೆ ಭಯದ ವಿಷಯ. ಸಿಡಿಸಿ ಪ್ರತಿ ಹಡಗಿಗೂ ಒಂದು ಬಣ್ಣ ಕೊಡುತ್ತಿತ್ತು. ಸೋಂಕಿಲ್ಲದಿದ್ದರೆ ಹಸಿರು, ಆಮೇಲೆ ಕಿತ್ತಳೆ, ಹಳದಿ, ಕೆಂಪು. ದಿನಾ ಎದ್ದ ಕೂಡಲೇ ಸಮುದ್ರ ನೋಡುವ ಬದಲು ವೈಫೈ ಹಿಡಿದು ನಮ್ಮ ಬಣ್ಣ ನೋಡುತ್ತಿದ್ದೆ. ನಾಲ್ಕನೇ ದಿನ ದಾರಿ ತಪ್ಪಿ ಕೆಳಗಿನ ಡೆಕ್ಕಿಗೆ ಇಳಿದೆ. ಕಾರಿಡಾರಿನ ಕೊನೆಯಲ್ಲಿ ಒಂದು ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ಕುರ್ಚಿ, ಕುರ್ಚಿ ಮೇಲೆ ಮುಚ್ಚಳ ಹಾಕಿದ ತಟ್ಟೆ, ಒಂದು ಲೋಟ ಜ್ಯೂಸ್. ಸೋಂಕು ಕಂಡವರನ್ನು ಬೇರೆ ಇಡಲು ಕ್ಯಾಬಿನ್‌ಗಳನ್ನು ತೆಗೆದಿಟ್ಟಿರುತ್ತಾರೆ ಅಂತ ಓದಿದ್ದೆ. ಜ್ಯೂಸ್ ಲೋಟದ ಹೊರಗೆ ಇನ್ನೂ ನೀರಿನ ಹನಿ ಇತ್ತು. ಒಳಗೆ ಯಾರೋ ಇದ್ದಾರೆ. ಬಂದ ದಾರಿಯಲ್ಲೇ ತಿರುಗಿ ಸರಸರ ನಡೆದೆ. ಮೇಲೆ ಬಂದು ಗಾಳಿಗೆ ನಿಂತ ಮೇಲೇ ಎದೆ ಬಡಿತ ಇಳಿದದ್ದು. ಇಡೀ ವಾರದಲ್ಲಿ ನಿಜವಾಗಿ ಹೆದರಿದ್ದು ಆ ಒಂದು ನಿಮಿಷ.

ಭಯವನ್ನು ಓಡಿಸಿದ್ದು ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಸ್ಟೀವರ್ಡ್. ಒಂದು ಸಂಜೆ ಹೊಸ ಟವೆಲ್ ಇಡಲು ಬಂದವನು ಬಾಲ್ಕನಿ ಕಡೆ ನೋಡುತ್ತಾ ನಿಂತುಬಿಟ್ಟ. 2020ರಲ್ಲಿ ಪ್ರಯಾಣಿಕರೆಲ್ಲ ಇಳಿದ ಮೇಲೂ ಸಾವಿರಾರು ಸಿಬ್ಬಂದಿ ಹಡಗುಗಳಲ್ಲೇ ಉಳಿದಿದ್ದರು. ಬಂದರು ಇಳಿಸಿಕೊಳ್ಳುತ್ತಿರಲಿಲ್ಲ, ವಿಮಾನ ಇರಲಿಲ್ಲ, ಊರುಗಳ ಗಡಿ ಮುಚ್ಚಿತ್ತು. ಇವನೂ ಅವರಲ್ಲೊಬ್ಬ, ನೂರಾ ಹತ್ತು ದಿನ. ಒಬ್ಬೊಬ್ಬರನ್ನೂ ಬೇರೆ ಬೇರೆ ಇಡಬೇಕು ಅಂತ ಪ್ರಯಾಣಿಕರ ಕ್ಯಾಬಿನ್‌ಗಳನ್ನೇ ಅವರಿಗೆ ಕೊಟ್ಟಿದ್ದರಂತೆ. ಇವನಿಗೆ ಸಿಕ್ಕಿದ್ದು ಬಾಲ್ಕನಿ ಇರುವ ಕ್ಯಾಬಿನ್.

“ಹನ್ನೊಂದು ವರ್ಷ ಹಡಗಿನಲ್ಲಿದ್ದೇನೆ. ಕಿಟಕಿ ಸಿಕ್ಕಿದ್ದು ಅದೇ ಮೊದಲು,” ಅಂದ. ಅವರು ಮಲಗುವುದು ಕೆಳಗಿನ ಡೆಕ್ಕಿನಲ್ಲಿ, ಇಬ್ಬರಿಗೊಂದು ಕೋಣೆ. ರಾತ್ರಿ ಆಚೆ ನೋಡಿದರೆ ನಾಲ್ಕೈದು ಹಡಗುಗಳು ಲಂಗರು ಹಾಕಿ ದೀಪ ಹಚ್ಚಿಕೊಂಡು ನಿಂತಿರುತ್ತಿದ್ದವಂತೆ. ಒಂದರಲ್ಲಿ ಇವನ ತಮ್ಮ ಇದ್ದ. ಇಬ್ಬರೂ ಟಾರ್ಚ್ ಹಾಕಿ ಆರಿಸಿ ಮಾಡುತ್ತಿದ್ದರು. ಅವನದ್ದೇ ಟಾರ್ಚ್ ಅಂತ ಹೇಗೆ ಗೊತ್ತಾಗುತ್ತಿತ್ತು ಅಂದರೆ, “ಗೊತ್ತಾಗುತ್ತಿರಲಿಲ್ಲ. ಯಾರೋ ಒಬ್ಬರು ತಿರುಗಿ ಹಾಕುತ್ತಿದ್ದರು,” ಅಂದ.

ನಿಮಗೆ ಭಯ ಆಗಲಿಲ್ವಾ ಅಂತ ಕೇಳಿದೆ. ನಾನೂ ಅದನ್ನೇ ಕೇಳಿಬಿಟ್ಟೆ ನೋಡಿ. ಕಾಯಿಲೆಗಿಂತ ಹಡಗು ಮಾರಿಬಿಡುತ್ತಾರೆ ಅನ್ನುವ ಭಯ ಜಾಸ್ತಿ ಇತ್ತು ಅಂದ. ಸುಳ್ಳಲ್ಲ. ನಾನು ಮೊದಲ ಸಲ ಹತ್ತಿದ್ದ ಕಾರ್ನಿವಲ್ ಇಮ್ಯಾಜಿನೇಷನ್ ಹಡಗನ್ನು ಆ ವರ್ಷವೇ ಟರ್ಕಿಯ ಅಲಿಯಾಗಾ ದಡಕ್ಕೆ ನುಗ್ಗಿಸಿ ಗುಜರಿಗೆ ಹಾಕಿದರು. ಮೂತಿ ಕತ್ತರಿಸಿ, ಒಳಗಿನ ಡೆಕ್ಕುಗಳು ಕಪಾಟಿನ ಅರೆಗಳ ಥರ ಕಾಣುತ್ತಿದ್ದ ಫೋಟೋ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಅದರಲ್ಲಿ ದುಡಿದವರಿಗೆ ಹೇಗಾಗಿರಬೇಡ.

ಆಮೇಲೆ 2023ರಲ್ಲಿ ಇನ್ನೊಂದು ಸಲ ಹೋದೆ. ಪರೀಕ್ಷೆ ಇಲ್ಲ, ಬಣ್ಣ ಇಲ್ಲ. ಸಿಡಿಸಿ ತನ್ನ ಕ್ರೂಸ್ ಕಾರ್ಯಕ್ರಮವನ್ನು 2022ರ ಜುಲೈನಲ್ಲೇ ಮುಗಿಸಿತ್ತು. ಹಡಗು ತುಂಬಿ ತುಳುಕುತ್ತಿತ್ತು, ಲಿಫ್ಟ್ ಮುಂದೆ ಸಾಲು, ಕುರ್ಚಿಗಳ ಮೇಲೆ ಮತ್ತೆ ಟವೆಲ್. ಬಫೆಯಲ್ಲಿ ಗಾಜಿನ ಆಚೆಯ ಹುಡುಗ ಇರಲಿಲ್ಲ, ಸೌಟು ನಮ್ಮ ಕೈಗೇ ವಾಪಸ್ ಬಂದಿತ್ತು. ಹಿಡಿ ಬೆಚ್ಚಗಿತ್ತು. ಹಣ್ಣಿನ ಹೋಳು ಹತ್ತು ಹಾಕಿಕೊಂಡೆ, ತಟ್ಟೆಯನ್ನು ಮೇಜಿನ ಮೇಲಿಟ್ಟೆ, ಸೀದಾ ಹೋಗಿ ಸೋಪು ಹಾಕಿ ಕೈ ತೊಳೆದು ಬಂದೆ.