ಮೊದಲೇ ಕಪ್ಪು ಬಣ್ಣ, ನಮಗ್ಯಾಕೆ ಸನ್‌ಸ್ಕ್ರೀನ್?

ಚರ್ಮದ ಆರೈಕೆಯ ಮಾತು ಬಂದಾಗಲೆಲ್ಲ ತಪ್ಪದೆ ಬರುವ ಪ್ರಶ್ನೆ ಇದು. ಬಿಸಿಲಿಗೆ ಸುಟ್ಟು ಕೆಂಪಾಗುವುದು ಬಿಳಿಯರ ಚರ್ಮ, ನಮ್ಮದು ಬಿಸಿಲಲ್ಲೇ ಬೆಳೆದದ್ದು, ಹಾಗಿರುವಾಗ ಸನ್‌ಸ್ಕ್ರೀನ್ ದುಡ್ಡು ದಂಡವಲ್ಲವೇ ಎಂದು ಕೇಳುತ್ತಾರೆ. ನನ್ನ ಉತ್ತರ: ನಮ್ಮಲ್ಲಿ ಬಹಳಷ್ಟು ಜನರಿಗೆ ಬೇಕು. ಆದರೆ ಬೆಳ್ಳಗಾಗುವುದಕ್ಕಲ್ಲ. ಸನ್‌ಸ್ಕ್ರೀನ್ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ.

ಪ್ರಶ್ನೆಯಲ್ಲಿ ನಿಜವೂ ಇದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. 1979ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕಪ್ಪು ಜನರ ಹೊರಚರ್ಮದ ಮೂಲಕ ಸುಮಾರು 7 ಶೇಕಡಾ ಯುವಿಬಿ (ಚರ್ಮವನ್ನು ಸುಡುವ ಬಗೆಯ ನೇರಳಾತೀತ) ಕಿರಣ ಒಳಗೆ ಹೋದರೆ, ಬಿಳಿಯರಲ್ಲಿ 24 ಶೇಕಡಾ ಹೋಗುತ್ತದೆ. ಎಸ್‌ಪಿಎಫ್, ಅಂದರೆ ಸನ್‌ಸ್ಕ್ರೀನ್ ಟ್ಯೂಬಿನ ಮೇಲಿರುವ ರಕ್ಷಣೆಯ ಸಂಖ್ಯೆಯ ಲೆಕ್ಕದಲ್ಲಿ ಹೇಳುವುದಾದರೆ ಕಪ್ಪು ಚರ್ಮಕ್ಕೆ ಹುಟ್ಟಿನಿಂದಲೇ ಸುಮಾರು 13, ಬಿಳಿ ಚರ್ಮಕ್ಕೆ 3. ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಹರಡಿರುವ ನಮ್ಮ ಬಣ್ಣಗಳು ಹೆಚ್ಚಾಗಿ ಇವೆರಡರ ನಡುವೆ ಬರುತ್ತವೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ ಇರುವುದಕ್ಕೆ ಇದೇ ಕಾರಣ. ಕಪ್ಪು ಚರ್ಮದವರಲ್ಲಿ ಅಪರೂಪಕ್ಕೆ ಕಾಣುವ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ ಬರುತ್ತದೆ. ಅದಕ್ಕೂ ಬಿಸಿಲಿಗೂ ನಂಟಿಲ್ಲವಾದ್ದರಿಂದ ಸನ್‌ಸ್ಕ್ರೀನ್ ಅದನ್ನು ತಡೆಯಲಾರದು. ಅಲ್ಲಿ ಹೊಸದಾಗಿ ಕಪ್ಪು ಮಚ್ಚೆಯೋ ಗೆರೆಯೋ ಮೂಡಿ ಬೆಳೆಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕ್ಯಾನ್ಸರ್ ಹೆಸರು ಹೇಳಿ ಹೆದರಿಸಿ ನಮಗೆ ಸನ್‌ಸ್ಕ್ರೀನ್ ಮಾರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮ ಕಷ್ಟ ಕಲೆಗಳದ್ದು. ಬಣ್ಣದ ಕಣಗಳನ್ನು ತಯಾರಿಸುವ ಜೀವಕೋಶಗಳು ನಮ್ಮ ಚರ್ಮದಲ್ಲಿ ಬೇಗ ಕೆರಳುತ್ತವೆ. ಮೊಡವೆ ಒಣಗಿದ ಜಾಗ, ಸೊಳ್ಳೆ ಕಚ್ಚಿ ಕೆರೆದುಕೊಂಡ ಜಾಗ, ಸಾಸಿವೆ ಸಿಡಿದ ಜಾಗ, ವ್ಯಾಕ್ಸಿಂಗ್‌ನಲ್ಲಿ ಉರಿದ ಜಾಗ, ಎಲ್ಲವೂ ಕಪ್ಪಾಗಿ ಉಳಿದುಬಿಡುತ್ತವೆ. ಬಿಸಿಲು ಬೀಳುತ್ತಿದ್ದರೆ ಕೆಲವು ವಾರಗಳಲ್ಲಿ ಮಾಸಬೇಕಾದ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಹರಡುವ ಬಂಗು ಇನ್ನೂ ಹಟಮಾರಿ. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ, ಮನೆತನದಲ್ಲಿ ಬಂದದ್ದಾಗಿ ಶುರುವಾಗುವ ಬಂಗು ಬಿಸಿಲಿನಿಂದ ಗಾಢವಾಗುತ್ತದೆ. ದುಬಾರಿ ಕ್ರೀಮಿನಿಂದ ತಿಳಿಯಾದ ಬಂಗು ಸನ್‌ಸ್ಕ್ರೀನ್ ಬಿಟ್ಟರೆ ಒಂದೇ ಬೇಸಿಗೆಯಲ್ಲಿ ಮರಳಿ ಬರಬಹುದು.

ಈ ಕಪ್ಪುಗಟ್ಟುವಿಕೆಗೆ ನೇರಳಾತೀತದ ಇನ್ನೊಂದು ಬಗೆಯಾದ ಯುವಿಎ ಕಿರಣದ ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದರಲ್ಲೂ ನೀಲಿ-ನೇರಳೆ ಭಾಗ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಣುವ ಬೆಳಕನ್ನು ಚರ್ಮದ ಮೇಲೆ ಹಾಯಿಸಿದಾಗ ಕಪ್ಪು ಹಾಗೂ ಕಂದು ಚರ್ಮ ಗಾಢವಾಗಿ ಕಪ್ಪಾಯಿತು, ಆ ಬಣ್ಣ ಬೇಗ ಹೋಗಲೂ ಇಲ್ಲ. ಬಿಳಿ ಚರ್ಮಕ್ಕೆ ಏನೂ ಆಗಲಿಲ್ಲ. ಹಚ್ಚಿದರೆ ಕಾಣದಂತೆ ಮಾಯವಾಗುವ ಸಾಮಾನ್ಯ ಸನ್‌ಸ್ಕ್ರೀನ್‌ಗಳು ಈ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಒಳಗೆ ಬಿಡುತ್ತವೆ. ಕಾಣುವ ಬೆಳಕನ್ನು ತಡೆಯಬೇಕಾದರೆ ಲೇಪವೂ ಕಣ್ಣಿಗೆ ಕಾಣಬೇಕು. ಆ ಕೆಲಸ ಮಾಡುವುದು ಐರನ್ ಆಕ್ಸೈಡ್, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್‌ಗೆ ಹಳದಿ, ಕೆಂಪು, ಕಪ್ಪು ಛಾಯೆ ಕೊಡುವ ಪುಡಿ. ಬಂಗು ಅಥವಾ ಹಳೆಯ ಮೊಡವೆ ಕಲೆ ಇರುವವರು ಟಿಂಟೆಡ್ ತೆಗೆದುಕೊಳ್ಳಿ, ಪದಾರ್ಥಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್ ಇದೆಯೇ ನೋಡಿ. ಕಲೆಯ ತೊಂದರೆ ಇಲ್ಲದವರಿಗೆ ಸಾಮಾನ್ಯದ್ದೇ ಸಾಕು.

ಕೊಳ್ಳುವಾಗ ಎಸ್‌ಪಿಎಫ್ ಸಂಖ್ಯೆಯ ಹಿಂದೆ ಓಡಬೇಡಿ. ಅದು ಮುಖ್ಯವಾಗಿ ಚರ್ಮವನ್ನು ಸುಡುವ ಯುವಿಬಿಯ ತಡೆಯ ಅಳತೆ. 15 ಇದ್ದರೆ ಸುಮಾರು 93 ಶೇಕಡಾ ತಡೆ, 30ಕ್ಕೆ 97, 50ಕ್ಕೆ 98. ನಮಗೆ 30 ಸಾಕು, ಬಂಗು ಇದ್ದವರಿಗೆ 50. ಯುವಿಎ ತಡೆಯನ್ನು ಹೇಳುವುದು ಪಿಎ ಗುರುತು. ಅದರ ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಹಚ್ಚಿದ ಮೇಲೆ ಮುಖ ಬೂದಿ ಬಳಿದಂತೆ ಕಾಣುವುದಕ್ಕೆ ಕಾರಣ ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್‌ನ ಬಿಳಿ ಕಣಗಳು. ಇದೊಂದೇ ಕಾರಣಕ್ಕೆ ಎಷ್ಟೋ ಜನ ಸನ್‌ಸ್ಕ್ರೀನ್ ಬಿಟ್ಟಿದ್ದಾರೆ. ಬಿಡುವ ಬದಲು ಈ ಬಿಳಿ ಕಣಗಳಿಲ್ಲದ, ಜೆಲ್ ರೂಪದ ರಾಸಾಯನಿಕ ಸನ್‌ಸ್ಕ್ರೀನ್ ಅಥವಾ ನಿಮ್ಮ ಬಣ್ಣಕ್ಕೆ ಹೊಂದುವ ಟಿಂಟೆಡ್ ನೋಡಿ. ಅಂಗಡಿಯ ಟ್ಯೂಬ್‌ಲೈಟ್ ಅಡಿಯಲ್ಲಿ ಮುಂಗೈಗೆ ಹಚ್ಚಿ ನೋಡಿದರೆ ಬಣ್ಣ ತಿಳಿಯದು. ದವಡೆಯ ಅಂಚಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಹೊರಗಿನ ಬೆಳಕಿನಲ್ಲಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಪ್ರಮಾಣದಲ್ಲಿ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಜನ ಹಚ್ಚುವುದು ಅದರ ಕಾಲು ಭಾಗ, ಹೆಚ್ಚೆಂದರೆ ಅರ್ಧ. ಕಡಲೆಕಾಳಿನಷ್ಟು ತೆಗೆದುಕೊಂಡು ಮುಖಕ್ಕೆಲ್ಲ ಸವರಿದರೆ ಟ್ಯೂಬಿನ ಮೇಲಿನ 50ರ ಹತ್ತಿರಕ್ಕೂ ಹೋಗುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ, ಬುಡದಿಂದ ತುದಿಯವರೆಗೆ, ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖ ಮತ್ತು ಕತ್ತಿಗೆ ಅಷ್ಟು ಬೇಕು, ತೂಕದಲ್ಲಿ ಸುಮಾರು 1 ಗ್ರಾಂ. ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ 25 ದಿನಕ್ಕೆ ಮುಗಿಯುತ್ತದೆ. ಆರು ತಿಂಗಳು ಬಂದಿದ್ದರೆ ಸಾಲದಷ್ಟು ಹಚ್ಚುತ್ತಿದ್ದೀರಿ ಎಂದೇ ಲೆಕ್ಕ. ಆದ್ದರಿಂದ ಸಾವಿರ ರೂಪಾಯಿಯದ್ದನ್ನು ಚೂರುಚೂರೇ ಬಳಸುವ ಬದಲು ಕಡಿಮೆ ಬೆಲೆಯದ್ದನ್ನು ಧಾರಾಳವಾಗಿ ಹಚ್ಚಿ ಎನ್ನುತ್ತೇನೆ.

ಮೊದಲು ಮಾಯಿಶ್ಚರೈಸರ್, ಅದು ಒಣಗಿದ ಮೇಲೆ ಸನ್‌ಸ್ಕ್ರೀನ್, ಪೌಡರ್ ಮೇಕಪ್ ಏನಿದ್ದರೂ ಕೊನೆಗೆ. ಒಂದೇ ಸಲಕ್ಕೆ ಜಿಡ್ಡೆನಿಸಿದರೆ ಒಂದು ಬೆರಳಿನಷ್ಟು ಹಚ್ಚಿ, ಐದು ನಿಮಿಷ ಬಿಟ್ಟು ಇನ್ನೊಂದು ಬೆರಳಿನಷ್ಟು ಹಚ್ಚಿ. ತಿಕ್ಕಬೇಡಿ, ತಿಕ್ಕಿದರೆ ಲೇಪ ಉಂಡೆಯುಂಡೆಯಾಗಿ ಕಿತ್ತು ಬರುತ್ತದೆ. ಹೊರಡುವ ಕಾಲು ಗಂಟೆ ಮೊದಲು ಹಚ್ಚಿದರೆ ಪದರ ಸರಿಯಾಗಿ ಕೂರುತ್ತದೆ. ಮರೆತುಹೋಗುವ ಜಾಗಗಳು: ಕಿವಿ, ಕತ್ತಿನ ಹಿಂಭಾಗ, ರವಿಕೆಯ ಬೆನ್ನಿನ ತೆರವು, ಸ್ಕೂಟರ್ ಓಡಿಸುವವರ ಮುಂಗೈ, ಚಪ್ಪಲಿ ಪಟ್ಟಿಯ ಆಚೀಚಿನ ಪಾದ. ಹೊರಗೇ ಇರುವವರು ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆಯದೆ ಮಲಗಿದರೆ ಮೊಡವೆ ಏಳುತ್ತದೆ, ಆಮೇಲೆ ಆ ಮೊಡವೆಯ ಕಲೆ.

ಬೆಂಗಳೂರಿನ ತಂಪು ಗಾಳಿ ನಮ್ಮನ್ನು ಮೋಸಗೊಳಿಸುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳ ತೀವ್ರತೆ ಹೇಳುವ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾರ್ಚ್‌ನಿಂದ ಮೇವರೆಗೆ ನಮ್ಮ ಮಟಮಟ ಮಧ್ಯಾಹ್ನದಲ್ಲಿ ಅದು 11 ದಾಟುವುದು ಸಾಮಾನ್ಯ. ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಸೆಖೆ ಕಡಿಮೆ, ಕಿರಣ ಹೆಚ್ಚು. ತೆಳು ಮೋಡ ಯುವಿ ಕಿರಣವನ್ನು ಹೆಚ್ಚೇನೂ ತಡೆಯದು. ಕಿಟಕಿ ಗಾಜು ಯುವಿಬಿಯನ್ನು ತಡೆದು ಯುವಿಎ ಒಳಗೆ ಬಿಡುತ್ತದೆ, ಹಾಗಾಗಿ ದಿನವಿಡೀ ಕಾರು ಓಡಿಸುವವರ ಬಲಗೈ, ಬಲಗೆನ್ನೆ ಹೆಚ್ಚು ಕಪ್ಪಾಗಬಹುದು. ಕಿಟಕಿಯಿಂದ ದೂರ, ಮನೆಯೊಳಗೇ ಇರುವವರು, ಬಂಗಿನ ತೊಂದರೆ ಇಲ್ಲದಿದ್ದರೆ, ಅಂದು ಹಚ್ಚದೆ ಇರಬಹುದು.

ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ಬೀದಿ ವ್ಯಾಪಾರದಲ್ಲಿ ದಿನ ಕಳೆಯುವವರಿಗೆ ಎರಡು ಗಂಟೆಗೊಮ್ಮೆ ಹಚ್ಚಿ ಎನ್ನುವುದು ನ್ಯಾಯವಲ್ಲ. ಅವರಿಗೆ ಬಟ್ಟೆಯೇ ಉತ್ತಮ: ದಟ್ಟ ನೇಯ್ಗೆಯ ತುಂಬು ತೋಳಿನ ಅಂಗಿ, ತಲೆಗೆ ರುಮಾಲು, ಅಗಲ ಅಂಚಿನ ಟೋಪಿ. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆಯೂ ತಲೆಯನ್ನು ಬಿಸಿಲಿನಿಂದ ಕಾಯುತ್ತದೆ, ಆದರೆ ಅದಕ್ಕೆ ಅಂಚಿಲ್ಲದ್ದರಿಂದ ಮುಖಕ್ಕೂ ಕತ್ತಿಗೂ ಬೇರೆ ಮರೆ ಬೇಕು. ಬಟ್ಟೆ ಬೆವರಿಗೆ ಕರಗಿ ಹೋಗುವುದಿಲ್ಲ. ಕೊಡೆ ಹಿಡಿದು ನಡೆಯಲು ನಾಚಿಕೆಪಡುವ ಗಂಡಸರಿಗೂ ಈ ಮಾತು.

ವಿಟಮಿನ್ ಡಿ ಕಡಿಮೆಯಾಗದೇ? ಆತಂಕ ಸಹಜ, ನಮ್ಮಲ್ಲಿ ಕೊರತೆ ವ್ಯಾಪಕ. ಆದರೆ ಬೆಳಗಿನ ಎಳೆಬಿಸಿಲಿನಲ್ಲಿ ನಿಂತರೆ ಡಿ ಸಿಗುತ್ತದೆ ಎಂಬ ನಂಬಿಕೆ ಕೈಕೊಡುತ್ತದೆ, ಡಿ ತಯಾರಾಗಲು ಬೇಕಾದ ಯುವಿಬಿ ಆ ಹೊತ್ತಿಗೆ ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಚರ್ಮ ಅದನ್ನು ಚೆನ್ನಾಗಿ ತಯಾರಿಸುತ್ತದೆ, ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತೂ ಬೇಕು. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿ, ಕೈಕಾಲು ಸ್ವಲ್ಪ ಹೊತ್ತು ಬಿಸಿಲಿಗೆ ಒಡ್ಡಬಹುದು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಹೇಳಿದಂತೆ ಮಾತ್ರೆ ತೆಗೆದುಕೊಳ್ಳುವುದೇ ಸುಲಭ.

ಕಪ್ಪು ತೆಗೆಯಲು ಮುಖಕ್ಕೆ ನಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹೋಗಬೇಡಿ. ಅದರ ರಸವೂ ಬಿಸಿಲೂ ಸೇರಿದರೆ ಸುಟ್ಟಗಾಯದಂತಾಗಿ ಇನ್ನಷ್ಟು ಕಪ್ಪು ಕಲೆ ಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್ ಬೆರೆತ ಬಿಳಿಚುವ ಕ್ರೀಮುಗಳು ಚರ್ಮವನ್ನು ತೆಳ್ಳಗೆ ಮಾಡಿ ಬಿಸಿಲಿಗೆ ಇನ್ನಷ್ಟು ಉರಿಯುವಂತೆ ಮಾಡುತ್ತವೆ. ತೊನ್ನಿನ ಬಿಳಿ ಮಚ್ಚೆಗಳಲ್ಲಿ ಮೆಲನಿನ್ ಇರುವುದಿಲ್ಲ, ಅಲ್ಲಿ ಚರ್ಮ ಸುಡುತ್ತದೆ, ತಪ್ಪದೆ ಹಚ್ಚಬೇಕು. ಮೊಡವೆಗೆ ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ನುಂಗುತ್ತಿರುವವರಿಗೂ ಅಷ್ಟೇ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳೂ ಬಟ್ಟೆಯೂ ಸಾಕು.

ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲೋ ಕಾರಿನೊಳಗೋ ಬಿಡಬೇಡಿ, ಕಾವಿಗೆ ಕೆಡುತ್ತದೆ. ನೀರು ಬೇರೆ, ಎಣ್ಣೆ ಬೇರೆಯಾಗಿ ಬಂದರೆ ಎಸೆಯಿರಿ. ಬಿಳಿ ಅಂಗಿಯ ಕಾಲರಿನಲ್ಲಿ ತುಕ್ಕಿನಂಥ ಹಳದಿ ಕಲೆ ಕಂಡರೆ ಗಾಬರಿ ಬೇಡ: ಆವೊಬೆನ್‌ಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಬೋರ್‌ವೆಲ್ ನೀರಿನ ಕಬ್ಬಿಣದ ಜೊತೆ ಸೇರಿದಾಗ ಹೀಗಾಗುತ್ತದೆ. ಅದಕ್ಕೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ.