ಕಾವಲಿನವರ ಮಾಸ್ಕು

ಇಂದು ಸಂಜೆ ಕ್ಯಾಲಿಫೋರ್ನಿಯಾದ ರಿಚ್ಮಂಡ್ ಸೇತುವೆಯ ಬಳಿ ವಾಹನಗಳು ನಿಂತುಬಿಟ್ಟಾಗ ಸಾನ್ ಕ್ವೆಂಟಿನ್ ಸೆರೆಮನೆ ಬಹಳ ಹೊತ್ತು ಕಣ್ಣೆದುರಿಗಿತ್ತು.

2020ರ ಮೇ ಕೊನೆಯಲ್ಲಿ ಚೀನೋ ಸೆರೆಮನೆಯಿಂದ ನೂರಕ್ಕೂ ಹೆಚ್ಚು ಕೈದಿಗಳನ್ನು ಇಲ್ಲಿಗೆ ಸಾಗಿಸಿದ ಮೇಲೆ ಕೊರೋನಾ ಹಬ್ಬಿ, 28 ಕೈದಿಗಳ ಜೊತೆಗೆ ಒಬ್ಬ ಕಾವಲು ಅಧಿಕಾರಿಯೂ ತೀರಿಕೊಂಡರು. ಸಿಬ್ಬಂದಿಗೆ ಸಾಕಷ್ಟು ತರಬೇತಿಯನ್ನಾಗಲಿ ಸಲಕರಣೆಯನ್ನಾಗಲಿ ಕೊಟ್ಟಿರಲಿಲ್ಲವೆಂದು ರಾಜ್ಯದ ಕಾರ್ಮಿಕ ಸುರಕ್ಷತಾ ವಿಭಾಗ 2021ರಲ್ಲಿ 4,21,880 ಡಾಲರ್ ದಂಡ ಹಾಕಿತು. (ಸರ್ಕಾರವೇ ಸರ್ಕಾರಕ್ಕೆ ಹಾಕಿದ ದಂಡ, ಅದು ಬೇರೆ ಮಾತು.)

ಎನ್-95 ಮಾಸ್ಕ್ ಹಂಚಿದರೆ ಸಾಲದು. ಅದು ಮುಖಕ್ಕೆ ಬಿಗಿಯಾಗಿ ಕೂರುತ್ತದೆಯೇ ಎಂದು ತಿಳಿಯಲು ತಲೆಗೆ ಮುಸುಕು ಹಾಕಿಸಿ, ಒಳಗೆ ಕಹಿ ದ್ರಾವಣ ಸಿಂಪಡಿಸಿ ನೋಡುತ್ತಾರೆ, ನಾಲಿಗೆಗೆ ಕಹಿ ಹತ್ತಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಕೈದಿಗೆ ಬೇಡಿ ತೊಡಿಸುವವರು ಆರಡಿ ದೂರ ನಿಲ್ಲಲಾರರು, ಆದ್ದರಿಂದ ಈ ಪರೀಕ್ಷೆ ಆಸ್ಪತ್ರೆಯವರಷ್ಟೇ ಅವರಿಗೂ ಬೇಕಿತ್ತು.