ಮೈನಸ್ 40 ಅಂಕ

ಕಳೆದ ಭಾನುವಾರ ರಾತ್ರಿ ನಮ್ಮ ವಾಟ್ಸಾಪ್ ಗುಂಪಿಗೆ ಗೆಳೆಯನ ಮೆಸೇಜ್ ಬಂತು. 'ನಿಯಮ 309ರ ಪ್ರಕಾರ ನನ್ನ ಲೆಕ್ಕದಿಂದ ಮೈನಸ್ 40 ಅಂಕವನ್ನು ನಮ್ಮ ಗೆಳತಿಯ ಲೆಕ್ಕಕ್ಕೆ ವರ್ಗಾಯಿಸಿದ್ದೇನೆ. ನನ್ನದು 63 ಇತ್ತು, ಈಗ 103. ಗೆದ್ದೆ.'

309 ನಾನು ಬರೆದ ನಿಯಮ.

ನಾವು ಆರು ಜನ ಆಡುವ ಆಟ ನೋಮಿಕ್. ಪೀಟರ್ ಸೂಬರ್ ಎಂಬ ಅಮೆರಿಕದ ತತ್ವಶಾಸ್ತ್ರದ ಮೇಷ್ಟ್ರು ಕಟ್ಟಿದ್ದು, 1982ರಲ್ಲಿ ಮೊದಲು ಅಚ್ಚಾಯಿತು. ಇದರಲ್ಲಿ ನಿಯಮ ಬದಲಿಸುವುದೇ ಆಟ. ಸರದಿ ಬಂದವರು ಒಂದು ಬದಲಾವಣೆ ಸೂಚಿಸಬೇಕು, ಎಲ್ಲರೂ ಮತ ಹಾಕಬೇಕು. ಮೊದಲು 100 ಅಂಕ ಮುಟ್ಟಿದವರು ಗೆದ್ದ ಹಾಗೆ. ಅಗೋರಾ ಅನ್ನೋ ನೋಮಿಕ್ 1993ರಿಂದ ಇಂಟರ್ನೆಟ್‌ನಲ್ಲಿ ನಡೆಯುತ್ತಲೇ ಇದೆ. ನಾವು ನಿಯಮಗಳನ್ನು ಕನ್ನಡಕ್ಕೆ ತಂದುಕೊಂಡು ಆಡುತ್ತೇವೆ.

ಹಿಂದೆ ಬಿದ್ದವರಿಗೆ ಕೈ ಕೊಟ್ಟು ಎತ್ತಲಿ ಎಂದು ನಾನು ಹೀಗೆ ಬರೆದಿದ್ದೆ: 'ಯಾವ ಆಟಗಾರರೂ ತಮ್ಮ ಲೆಕ್ಕದಿಂದ ಎಷ್ಟು ಅಂಕವನ್ನಾದರೂ ಇನ್ನೊಬ್ಬರ ಲೆಕ್ಕಕ್ಕೆ ವರ್ಗಾಯಿಸಬಹುದು.' ಅದು ಎರಡನೇ ಸುತ್ತು, ಒಬ್ಬರು ಬೇಡ ಎಂದರೂ ಬಿದ್ದುಹೋಗುತ್ತಿತ್ತು. ಆರೂ ಜನ ಒಪ್ಪಿದರು. ಆ ಗೆಳತಿಯೂ ಒಪ್ಪಿದ್ದಳು.

ಮೈನಸ್ 40 ಕಳೆದರೆ 40 ಕೂಡಿದ ಹಾಗೆ. ಅವನ ಅಂಕ ಏರಿತು, ಅವಳದು 58ರಿಂದ 18ಕ್ಕೆ ಇಳಿಯಿತು. ತಕ್ಷಣ ತಕರಾರು ಎತ್ತಿದಳು. ತಕರಾರು ಬಂದರೆ, ಆಡುತ್ತಿರುವವರಿಗಿಂತ ಹಿಂದಿನ ಸರದಿಯವರು ತೀರ್ಪು ಕೊಡಬೇಕು. ಅದು ನಾನೇ. ಆ ತೀರ್ಪು ರದ್ದಾಗಬೇಕಾದರೆ ಉಳಿದ ಎಲ್ಲರೂ ಒಟ್ಟಾಗಿ ಮತ ಹಾಕಬೇಕು. ಆ ಉಳಿದವರಲ್ಲಿ ಅವನೂ ಇದ್ದಾನಲ್ಲ, ತನ್ನ ಗೆಲುವಿನ ವಿರುದ್ಧ ಯಾಕೆ ಮತ ಹಾಕುತ್ತಾನೆ? ನಾನು ಅವನ ಪರ ಹೇಳಿದರೆ ಅಲ್ಲಿಗೆ ಮುಗಿಯಿತು. ಎರಡು ದಿನ ಬೇರೆ ಯೋಚನೆಯೇ ಬರಲಿಲ್ಲ.

'ಅವನು ಕೊಟ್ಟಿಲ್ಲ ಕಣೋ, ಕಿತ್ಕೊಂಡಿದ್ದಾನೆ' ಎಂದಳು. ಮನಸ್ಸಿಗೆ ಅದೇ ಸರಿ ಅನಿಸಿತು. ಆದರೆ ಆಟದ ರೂಢಿ, ಆಟದ ಆಶಯ ಇವನ್ನೆಲ್ಲ ನೋಡಬೇಕಾದ್ದು ನಿಯಮ ಸುಮ್ಮನಿದ್ದಾಗ, ಅಥವಾ ಅಸ್ಪಷ್ಟವಾಗಿದ್ದಾಗ. ನನ್ನ ನಿಯಮ 'ಎಷ್ಟಾದರೂ' ಎಂದು ಹೇಳಿಬಿಟ್ಟಿದೆ. ಮೈನಸ್ ಅಂಕ ನಮ್ಮ ಆಟದಲ್ಲಿ ಇಲ್ಲದ ವಸ್ತುವೂ ಅಲ್ಲ. ಸೂಚನೆ ಬಿದ್ದುಹೋದರೆ 10 ಅಂಕ ಕಳೆಯುತ್ತಾರೆ. ಮೊದಲ ಸುತ್ತಿನಲ್ಲಿ ಅವಳೇ ಮೈನಸ್‌ಗೆ ಇಳಿದಿದ್ದಳು.

ಆಮೇಲೆ ನಿಯಮ 208 ಕಣ್ಣಿಗೆ ಬಿತ್ತು. ಗೆಲ್ಲಲು 100 ಅಂಕ ಬೇಕು ಎನ್ನುವಲ್ಲಿ ಸೂಬರ್ 'ಧನಾತ್ಮಕ' ಎಂಬ ಮಾತನ್ನು ಕಂಸದೊಳಗೆ ಸೇರಿಸಿದ್ದಾರೆ. ಎಷ್ಟೋ ಸಲ ಓದಿದ್ದೆ, ಅದೇಕೆ ಅಲ್ಲಿದೆ ಎಂದು ಯೋಚಿಸಿರಲಿಲ್ಲ. ಪ್ಲಸ್ ಆಗಿರಲೇಬೇಕು ಅನ್ನೋ ಕಡೆ ಅವರು ಅದನ್ನು ಬರೆದರು. ನಾನು ಬರೆಯಲಿಲ್ಲ. ನನ್ನ ತಲೆಯೊಳಗಿದ್ದದ್ದು ನಿಯಮ ಅಲ್ಲ, ಅಲ್ವಾ? ಅದಕ್ಕೆ ಯಾರೂ ಮತ ಹಾಕಿರಲಿಲ್ಲ.

ಈಗ ತಿದ್ದಿ ಹಿಂದಿನದಕ್ಕೆ ಅನ್ವಯಿಸೋಣ ಎಂದರೆ ನಿಯಮ 107 ಬಿಡುವುದಿಲ್ಲ. ಮಂಗಳವಾರ ರಾತ್ರಿ ತೀರ್ಪು ಬರೆದೆ: ಅವನ ನಡೆ ಸರಿ, ಅವನೇ ಗೆದ್ದ. ಅವಳಿಗೆ ಫೋನ್ ಮಾಡಿ ನಾನೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಮುಂದಿನ ಆಟದಲ್ಲಿ ಮೊದಲ ಸರದಿ ನನಗೆ ಬೇಕು' ಎಂದಳು.

ನಿನ್ನೆ ಹೊಸ ಆಟ ಶುರುವಾಯಿತು. ಅಂಕ ವರ್ಗಾಯಿಸುವ ಬಗ್ಗೆ ಅವಳ ಸೂಚನೆ 301: 'ಸೊನ್ನೆಗಿಂತ ಹೆಚ್ಚಿನ ಪೂರ್ಣ ಸಂಖ್ಯೆಯ ಅಂಕ ಮಾತ್ರ. ಕೊಡುವವರ ಬಳಿ ಇರುವಷ್ಟು ಮಾತ್ರ. ಪಡೆಯುವವರು ಒಪ್ಪಿದರೆ ಮಾತ್ರ.'

ಮತ ಹಾಕುವ ಮುಂಚೆ ನಾನು ಕೇಳಿದೆ: 'ಒಪ್ಪಿಗೆಯನ್ನು ಎಲ್ಲಿ ತಿಳಿಸಬೇಕು? ಎಷ್ಟು ದಿನದೊಳಗೆ?' ಅವಳು ತಿದ್ದುತ್ತಿದ್ದಾಳೆ.